ಸಭಾಕಂಪನಕ್ಕೊಬ್ಬಳು ಜೊತೆಗಾತಿ

ನನಗೆ ಹಾಡುವುದಕ್ಕೆ ಭಯವಿಲ್ಲ, ಹಾಡುವಾಗ ಎದುರಿಗೆ ಜನ ಇರುತ್ತಾರಲ್ಲ, ಅದೇ ಭಯ. ಗಾಯಕಿಯೊಬ್ಬಳು ಹೀಗಂದರೆ, ಈಜು ಬರುತ್ತದೆ ಆದರೆ ನೀರು ಆಗಿಬರುವುದಿಲ್ಲ ಅಂದ ಹಾಗೆ ಕೇಳಿಸುತ್ತದೆ. ಏನು ಮಾಡಲಿ? ದಾವಣಗೆರೆ, ಹರಿಹರದ ಕಲ್ಯಾಣ ಮಂಟಪಗಳಲ್ಲಿ ಹಾಡುತ್ತ ಹಾಡುತ್ತ ಕೂದಲು ಬೆಳ್ಳಗಾಯಿತು, ಇದು ಮಾತ್ರ ವಾಸಿಯಾಗಲಿಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನನ್ನ ಮನೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುವಾಗ ಗಂಟಲು ಗಂಟೆಯಂತಿರುತ್ತದೆ. ಮೈಕಿನ ಮುಂದೆ ಕೂತ ಕೂಡಲೇ ಅದರೊಳಗೆ ಯಾರೋ ಹತ್ತಿ ತುರುಕಿದಂತಾಗುತ್ತದೆ.

ಬೆವರು, ನಡುಕ, ಸ್ವರ ಒಡೆಯುವುದು, ಬಣ್ಣಗೆಡುವುದು, ಕಂಬದಂತೆ ನಿಂತುಬಿಡುವುದು, ಇವನ್ನೆಲ್ಲ ನಮ್ಮ ಹಳೆಯ ಶಾಸ್ತ್ರಕಾರರು ಸಾತ್ವಿಕ ಭಾವಗಳೆಂದು ಕರೆದು, ನಟನಾದವನು ಕಷ್ಟಪಟ್ಟು ಸಾಧಿಸಬೇಕು ಎಂದಿದ್ದಾರಂತೆ. ನನಗೆ ಅವು ಸಾಧನೆಯಿಲ್ಲದೆ, ಕರೆಯದೆ, ಒಟ್ಟೊಟ್ಟಿಗೇ ಬರುತ್ತವೆ. ಮದ್ದು ಹೇಳಿದವರಿಗೇನೂ ಕಡಿಮೆಯಿಲ್ಲ. ಎದುರಿಗೆ ಕೂತವರನ್ನೆಲ್ಲ ಕುಂಬಳಕಾಯಿ ಅಂತ ತಿಳ್ಕೋ ಎಂದರು ಒಬ್ಬರು. ತಿಳಿದುಕೊಂಡೆ. ಕುಂಬಳಕಾಯಿಗಳೆಲ್ಲ ನನ್ನನ್ನೇ ದುರುಗುಟ್ಟಿ ನೋಡತೊಡಗಿದವು.

ಹಾಡು ಮುಗಿದ ಮೇಲಿನ ಊಟ ಇನ್ನೂ ಕಷ್ಟ. ಪಂಕ್ತಿಯಲ್ಲಿ ಅಕ್ಕಪಕ್ಕದವರು ಮಾತಾಡಿಸುತ್ತಾರೆ. ಹಾಡಿಗಾದರೂ ಕೊನೆಯ ಚರಣ ಅಂತ ಒಂದಿದೆ, ಈ ಮಾತಿಗೆ ಅದೂ ಇಲ್ಲ. ನನ್ನ ಜೊತೆ ತಬಲಾ ನುಡಿಸುವ ರಹಮತ್ ಸಾಹೇಬರು ಹಗಲು ಪೇಟೆಯಲ್ಲಿ ಬಳೆ ಮಾರುತ್ತಾರೆ. ಮಾತು ಅವರಿಗೆ ಬಂಡವಾಳವಿದ್ದಂತೆ. ‘ಮೇಡಮ್ಮರು ಗಂಟಲಿಗೆ ಆರಾಮ ಕೊಡ್ತಾರ್ರಿ’ ಎಂದು ಬಂದವರನ್ನೆಲ್ಲ ತಾವೇ ಸಂಭಾಳಿಸುತ್ತಾರೆ. ಕಾರ್ಯಕ್ರಮಕ್ಕೆ ಕರೆಯುವವರಿಗೂ ನಾನು ಕೊಡುವುದು ಅವರ ನಂಬರನ್ನೇ.

ಕಳೆದ ಮದುವೆ ಸೀಸನ್ನಿನಲ್ಲಿ ಹರಿಹರದ ಒಂದು ಆರತಕ್ಷತೆಗೆ ಹಾಡಲು ಹೋಗಿದ್ದೆವು. ಬಸ್ಸು ನಡುದಾರಿಯ ಬಾತಿ ಊರು ದಾಟುತ್ತಲೇ, ಎದುರಿನಿಂದ ದಾವಣಗೆರೆಗೆ ವಾಪಸಾಗುವ ಬಸ್ಸುಗಳನ್ನು ಎಣಿಸತೊಡಗಿದೆ. ಮಂಟಪ ಮುಟ್ಟುವಷ್ಟರಲ್ಲಿ ಕೈ ತಣ್ಣಗಾಗಿತ್ತು. ಸಾಹೇಬರು ತಬಲಾ ಶ್ರುತಿ ಮಾಡುತ್ತಿರಲಿ ಎಂದು, ಮುಖಕ್ಕೆ ನೀರು ಹಾಕಿಕೊಳ್ಳುವ ನೆಪದಲ್ಲಿ ಮದುಮಗಳ ಕೋಣೆಗೆ ನುಗ್ಗಿದೆ.

ಒಳಗೆ ಮದುಮಗಳು ಒಬ್ಬಳೇ ಇದ್ದಳು. ಹೆಸರು ಸವಿತಾ. ಅಲಂಕಾರವೆಲ್ಲ ಮುಗಿದಿತ್ತು. ಸೆರಗಿನ ಪಿನ್ನು ಸರಿಮಾಡಿಕೊಳ್ಳುತ್ತೇನೆಂದು ಎಲ್ಲರನ್ನೂ ಹೊರಗೆ ಕಳಿಸಿ ಮಂಚದ ಅಂಚಿನಲ್ಲಿ ಕೂತಿದ್ದಳು.

‘ಚಿಲಕ ಹಾಕ್ರಿ’ ಎಂದಳು. ಹಾಕಿದೆ. ನನಗೂ ಬೇಕಾದದ್ದು ಅದೇ.

ಆಮೇಲೆ ನೋಡಿದರೆ ಅವಳ ಬಳೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು. ಹುಡುಗ ಇವಳಿಗೆ ಒಪ್ಪಿಗೆಯಿಲ್ಲವೇನೋ ಎಂದು ನನಗೆ ದಿಗಿಲಾಯಿತು. ಮೆತ್ತಗೆ ಕೇಳಿದೆ. ಹಾಗೇನಿಲ್ಲವಂತೆ, ಹುಡುಗ ಒಳ್ಳೆಯವನೇ, ಅವನೊಬ್ಬನೇ ಇದ್ದರೆ ಚಿಂತೆಯೇ ಇಲ್ಲವಂತೆ. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಅಲ್ಲಿರುವುದು ತಿರುಗಿ ಇವಳನ್ನು ನೋಡುವುದಿಲ್ಲ. ಇಲ್ಲಿ ಊರಿಗೆ ಊರೇ ನೋಡುತ್ತದೆ.

‘ಕಾಲು ಏಳವಲ್ವು’ ಎಂದಳು.

ಹೊರಗಿನಿಂದ ಬಾಗಿಲು ಬಡಿಯತೊಡಗಿದರು. ಮೊದಲು ತಾಯಿ, ಬೀಗರು ಕಾಯ್ತಿದಾರೆ ಎಂದು. ಆಮೇಲೆ ಅತ್ತಿಗೆಯೋ ಯಾರೋ. ಬರಬರುತ್ತ ಹೊರಗಿನ ದನಿಗಳು ಸಣ್ಣಗಾದವು. ಹುಡುಗಿ ಮನಸ್ಸಿನಲ್ಲಿ ಬೇರೆ ಏನಾದರೂ ಐತೇನು ಎಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದುದು ನಮ್ಮಿಬ್ಬರಿಗೂ ಕೇಳಿಸಿತು. ಇಂಥ ಪಿಸುಮಾತು ಒಮ್ಮೆ ಬೀಗರ ಕಿವಿಗೆ ಬಿದ್ದರೆ ಜನ್ಮವಿಡೀ ತೊಳೆದರೂ ಹೋಗದು. ಸವಿತಾಳ ಕಣ್ಣಲ್ಲಿ ನೀರು ತುಂಬಿತು.

ಧೈರ್ಯ ಹೇಳಬೇಕಿತ್ತು. ಇಲ್ಲದ್ದನ್ನು ಎಲ್ಲಿಂದ ತಂದುಕೊಡಲಿ? ಇವತ್ತು ಹಾಡಲು ಬಂದವಳು ನಾನೇ ಎಂದು ಹೇಳಿ, ನನ್ನ ಕೈಯನ್ನೇ ಅವಳ ಮುಂದೆ ಚಾಚಿದೆ. ಅದೂ ನಡುಗುತ್ತಿತ್ತು.

‘ನಿಮಗೂನಾ? ಇಷ್ಟು ವರ್ಷ ಹಾಡಿದ್ ಮೇಲೂ ಹೋಗಿಲ್ಲೇನ್ರಿ?’

‘ಹೋಗಿಲ್ಲವ್ವ. ಇನ್ನ ಹೋಗಂಗೂ ಕಾಣಲ್ಲ. ಆದ್ರೂ ಹಾಡ್ತೀನಿ.’

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಮಾತ್ರ ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಹೆದರಬೇಡ, ಎಲ್ಲ ಹೋಗುತ್ತದೆ ಎಂದು ಎಲ್ಲರೂ ಹೇಳಿ ಹೇಳಿ, ಹೋಗದೆ ಇರುವುದು ತನ್ನದೇ ತಪ್ಪೆಂದು ತಿಳಿದಿದ್ದಳಂತೆ.

ಆಮೇಲೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ತೀರಾ ತಡೆಯಲಾಗದಿದ್ದರೆ ಅವಳು ಜುಮುಕಿ ಮುಟ್ಟಿಕೊಳ್ಳಬೇಕು. ಆಗ ನಾನು ದೊಡ್ಡ ದನಿ ತೆಗೆದು ಜನರ ಕಣ್ಣನ್ನೆಲ್ಲ ನನ್ನ ಕಡೆ ಎಳೆದುಕೊಳ್ಳಬೇಕು. ಚಿಲಕ ತೆಗೆದೆ. ಪಿನ್ನು ಸಿಕ್ಕಿರಲಿಲ್ಲ ಎಂದು ಅವಳ ತಾಯಿಗೆ ನಾನೇ ಹೇಳಿದೆ. ಅಪರಿಚಿತರೊಡನೆ ನಾನಾಗಿ ಮಾತು ತೆಗೆದದ್ದು ಎಷ್ಟು ಕಾಲದ ಮೇಲೋ!

ವಧೂವರರ ದೊಡ್ಡ ವೇದಿಕೆ ನಡುವೆ, ನಮ್ಮ ಪುಟ್ಟ ವೇದಿಕೆ ಪಕ್ಕದಲ್ಲಿ. ಉಡುಗೊರೆ ಹಿಡಿದವರ ಸಾಲು ಬಾಗಿಲವರೆಗೂ ಬೆಳೆದಿತ್ತು. ನಾನೊಂದು ಭಾವಗೀತೆಯನ್ನು ಎಂದಿನಂತೆ ಗೋಡೆಗೆ ಹೇಳಿಕೊಳ್ಳುತ್ತಿದ್ದೆ. ಸವಿತಾಳ ಕೈ ಕಿವಿಗೆ ಹೋಯಿತು.

ಮೈಕಿನ ದನಿ ಏರಿಸಿರಿ ಎಂದು ಸಾಹೇಬರಿಗೆ ಸನ್ನೆ ಮಾಡಿದೆ. ಅವರು ನಂಬಲಾರದೆ ನನ್ನ ಮುಖ ನೋಡಿದರು. ಸದಾ ಇಳಿಸಿರಿ ಎನ್ನುವವಳು ನಾನು. ತಾರಸ್ಥಾಯಿಗೆ ದನಿ ಎತ್ತಿದೆ. ನೋಡಿರಿ, ನನ್ನನ್ನೇ ನೋಡಿರಿ ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಬೇಡಿಕೊಂಡು ಹಾಡಿದೆ. ಗಂಟಲಿನ ಹತ್ತಿ ಎತ್ತ ಹೋಯಿತೋ.

ಸಭೆಯೆಲ್ಲ ತಿರುಗಿತು ಎಂದು ಬರೆಯುವ ಆಸೆಯೇನೋ ಇದೆ. ತಿರುಗಿದ್ದು ಮುಂದಿನ ಸಾಲಿನ ಕೆಲವರು, ಮತ್ತೆ ನಿದ್ದೆ ಕೆಟ್ಟ ಒಂದು ಕೂಸು. ಉಳಿದವರ ಲಕ್ಷ್ಯವೆಲ್ಲ ಊಟದ ಮನೆಯ ಬಾಗಿಲ ಮೇಲೆ. ಐಸ್‌ಕ್ರೀಮ್ ಬಂತೆಂದು ಯಾರೋ ಹೇಳಿದರು, ಉಡುಗೊರೆಯ ಸಾಲು ಕೂಡ ಅರ್ಧಕ್ಕರ್ಧ ಕರಗಿತು. ನಾವಿಬ್ಬರೂ ಯಾರಿಗೆ ಇಷ್ಟು ಹೆದರಿದ್ದೆವೋ ಅವರು ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಸವಿತಾಳಿಗೂ ಅದು ಕಂಡಿತು. ಅಲ್ಲಿಂದಲೇ ನನ್ನ ಕಡೆ ನೋಡಿ ನಕ್ಕಳು. ಫೋಟೋದವನು ಅದನ್ನು ವರನಿಗೆಂದು ತಿಳಿದು ಕ್ಲಿಕ್ಕಿಸಿಕೊಂಡ.

ಹೊರಡುವಾಗ ಅವಳು ನನ್ನ ನಂಬರು ಕೇಳಿದಳು. ಸಾಹೇಬರು ತಮ್ಮದನ್ನು ಹೇಳಲು ಬಾಯಿ ತೆರೆದಿದ್ದರು, ನಾನು ನನ್ನದನ್ನೇ ಕೊಟ್ಟೆ. ಕೊಟ್ಟು, ಬಸ್ಸಿನಲ್ಲಿ ಕೂತು, ಯಾಕಾದರೂ ಕೊಟ್ಟೆನೋ ಎಂದು ಪೇಚಾಡಿದೆ.

ಭಯ ಇದರಿಂದೇನೂ ಬಿಡಲಿಲ್ಲ. ಮುಂದಿನ ವಾರ ಶಾಮನೂರಿನ ಮದುವೆಯಲ್ಲಿ ಅದೇ ತಣ್ಣನೆಯ ಕೈ, ಹಾಡಿದ್ದೂ ಗೋಡೆಗೇ. ಸಾಕಪ್ಪಾ ಸಾಕು ಅನ್ನಿಸುವಷ್ಟು ದಣಿದಿದ್ದೇನೆ, ನಿಜ.

ಒಂದು ಭಾನುವಾರ ಮಧ್ಯಾಹ್ನ ಫೋನು ಬಂತು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ನೀರು ಕುಡಿದು ಎತ್ತಿದೆ. ಸವಿತಾ, ಗಂಡನ ಮನೆಯ ಅಡುಗೆಮನೆಯಿಂದ. ಪಡಸಾಲೆಯ ತುಂಬ ನೆಂಟರು ಕೂತಿದ್ದಾರಂತೆ, ಚಹಾದ ತಟ್ಟೆ ಸಜ್ಜಾಗಿದೆಯಂತೆ. ಸುಮ್ಮನೆ ಏನಾದರೂ ಮಾತಾಡ್ರಿ ಎಂದಳು.

ಮಾತು ಬಾರದ ನನ್ನನ್ನು ಕೇಳುತ್ತಾಳೆ. ಚಹಾಕ್ಕೆ ಶುಂಠಿ ಹಾಕಿದ್ದೀಯಾ ಎಂದೆ. ಹಾಕಿದ್ದಳಂತೆ. ಅವಳ ಉಸಿರು ನನಗೆ, ನನ್ನದು ಅವಳಿಗೆ ಕೇಳುತ್ತಿತ್ತು.

‘ಆತ್ರಿ, ಹೋಗ್ತೀನಿ. ಫೋನು ಸೊಂಟಕ್ಕೆ ಸಿಗಿಸ್ಕೊಂತೀನಿ, ಇಡಬ್ಯಾಡ್ರಿ’ ಎಂದಳು. ಇಡಲಿಲ್ಲ. ಕಪ್ಪುಬಸಿಗಳ ಸದ್ದು ಜನರ ಗಲಾಟೆಯ ಕಡೆಗೆ ನಡೆಯುತ್ತ ಹೋಗುವುದನ್ನು ಫೋನು ಕಿವಿಗೊತ್ತಿಕೊಂಡು ಕೇಳುತ್ತ ನಿಂತಿದ್ದೆ.