ನಮ್ಮ ಮನೆಯವರ ಝಾಂಜ

ಮದುವೆಯಾಗಿ ನಾನು ದಾಂಡೇಲಿಗೆ ಬಂದಾಗ ಊರು ಇನ್ನೂ ಅರ್ಧ ಅಡವಿ, ಅರ್ಧ ಕಟ್ಟಡ. ಬಿದಿರು ಹೇರಿಕೊಂಡ ಲಾರಿಗಳು ಹಗಲೆಲ್ಲ ಮನೆ ಮುಂದಿನಿಂದಲೇ ಹೋಗುತ್ತಿದ್ದವು. ಕಾಗದದ ಮಿಲ್ಲಿನ ಭೋಂಗಾ ಕೂಗಿತೆಂದರೆ ನಮ್ಮ ಚಾಳಿನ ಎಲ್ಲ ಮನೆಯಲ್ಲೂ ಒಲೆ ಹೊತ್ತುತ್ತಿತ್ತು. ನಮ್ಮ ಮನೆಯವರಿಗೆ ಮಿಲ್ಲಿನ ಗೇಟಿನಲ್ಲಿ ಪಹರೆಯ ಕೆಲಸ. ಧಾರವಾಡದ ಕಡೆಯ ಹಳ್ಳಿಯಿಂದ ಬಂದ ಅವರನ್ನು ಆ ಕೆಲಸಕ್ಕೆ ಆರಿಸಿದ್ದೇ ಎತ್ತರ ನೋಡಿ. ಯಾವ ಬಾಗಿಲಲ್ಲೂ ಅವರು ತಲೆ ಬಗ್ಗಿಸದೆ ಒಳಗೆ ಬಂದದ್ದನ್ನು ನಾನು ನೋಡಿಲ್ಲ. ಭುಜ ಅಗಲ, ಮೀಸೆ ಹುರಿ, ಮಾತು ಮಾತ್ರ ಕಡಿಮೆ.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಪಹರೆಯವರದೇ ಒಂದು ಬ್ಯಾಂಡು ಕಟ್ಟಬೇಕು, ಜನವರಿಯ ಝೆಂಡಾ ವಂದನೆಗೆ ಅದು ಊರೊಳಗೆ ನಡೆದುಕೊಂಡು ಹೋಗಬೇಕು ಅಂತ ಮೇಲಿನವರು ಮನಸ್ಸು ಮಾಡಿದರು. ಬ್ಯಾಂಡಿಗೆ ಸೇರಿದವರು ಮೊದಲು ಕಾಯಂ ಆಗುತ್ತಾರೆ ಅಂತ ಚಾಳಿನಲ್ಲಿ ಮಾತು ಹಬ್ಬಿತು. ಯಾರು ಹೇಳಿದ್ದು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ನಂಬಿದರು, ನಾವೂ ನಂಬಿದೆವು.

ಕಲಿಸಲು ಬೆಳಗಾವಿಯಿಂದ ಒಬ್ಬ ಮಾಸ್ತರರು ಬಂದರು. ಪಲ್ಟಣಿನಲ್ಲಿ ಬ್ಯಾಂಡು ಬಾರಿಸಿ ನಿವೃತ್ತರಾದವರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವವರು. ಉಸಿರು ಇದ್ದವರಿಗೆ ಕೊಳಲು, ಬಿಗಿಲು ಕೊಟ್ಟರು. ನಮ್ಮ ಬಾಜೂ ಮನೆಯವರ ಹೊಟ್ಟೆ ನೋಡಿ ದೊಡ್ಡ ಡೋಲು ಕೊಟ್ಟರು. ನಮ್ಮ ಮನೆಯವರ ಕೈಗೆ ಝಾಂಜ ಬಂತು. ಎರಡು ಹಿತ್ತಾಳೆಯ ತಟ್ಟೆ, ಹಿಟ್ಟು ನಾದುವ ಪರಾತದಷ್ಟು ಅಗಲ, ನಡುವೆ ಕೈ ತೂರಿಸಲು ಚರ್ಮದ ಪಟ್ಟಿ. "ಝಾಂಜ ಹಿಡಿದಂವ ದೂರಿಂದ ಕಾಣಬೇಕು" ಅಂದರಂತೆ ಮಾಸ್ತರರು. ಅದೇ ವಾರ ಹಳಿಯಾಳದಿಂದ ಸಿಂಪಿಗ ಬಂದು ಎಲ್ಲರ ಅಳತೆ ತೆಗೆದುಕೊಂಡು ಹೋದ. ಕೆಂಪು ಕೋಟು, ಬಿಳಿ ಪಟ್ಟಿ, ಹೊಳೆಯುವ ಗುಂಡಿ. ನಮ್ಮ ಮನೆಯವರ ಕೋಟಿಗೆ ಬಟ್ಟೆ ಸಾಲದೆ ಮತ್ತೆ ತರಿಸಬೇಕಾಯಿತು.

ಅವರಿಗೆ ತಾಳ ಇಲ್ಲ ಅನ್ನುವುದು ನನಗೆ ತಿಳಿದದ್ದು ಆಮೇಲೆ. ನನ್ನ ತವರು ಹಳಿಯಾಳದ ಹತ್ತಿರದ ತೇರಗಾಂವ. ನಮ್ಮಪ್ಪ ಮಠದ ಭಜನೆಯಲ್ಲಿ ತಾಳ ಹಾಕುವವನು. ಸೋಮವಾರ ಸೋಮವಾರ ಅವನ ತೊಡೆಯ ಮೇಲೆ ಕೂತು ಆ ಸಣ್ಣ ತಾಳದ ಸದ್ದಿಗೇ ನಿದ್ದೆ ಹೋಗುತ್ತಿದ್ದವಳು ನಾನು. ಹಸಿವು, ನೀರಡಿಕೆ ಹೇಗೋ ತಾಳವೂ ಹಾಗೆ, ಎಲ್ಲರಿಗೂ ಹುಟ್ಟುತ್ತಲೇ ಇರುತ್ತದೆ ಅಂದುಕೊಂಡಿದ್ದೆ. ಕಲಿಯುವುದರಲ್ಲಿ ಹಿಂದೆ ಬಿದ್ದವನು ಅಂತ ಮಾಸ್ತರರೇ ಝಾಂಜ ಮನೆಗೆ ಕೊಟ್ಟು ಕಳಿಸಿದ ದಿನ, ಅವರು ಪಡಸಾಲೆಯ ನಡುವೆ ನಿಂತು ಬಾರಿಸಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಯಲ್ಲಿ ಅವರು "ಲೆಫ್ಟ್, ರೈಟ್" ಅಂತ ಎಣಿಸುತ್ತಿದ್ದರು. ಲೆಫ್ಟ್ ಅಂದಾಗ ಬೀಳಬೇಕಾದ ಝಾಂಜ ಒಮ್ಮೆ ಮೊದಲೇ ಬಿತ್ತು, ಒಮ್ಮೆ ತಡವಾಗಿ ಬಿತ್ತು, ಒಮ್ಮೆ ಬೀಳಲೇ ಇಲ್ಲ. ಬೇಕಂತಲೇ ತಪ್ಪಿಸುತ್ತಿದ್ದಾರೆ ಅಂತ ನಾನು ನಕ್ಕೆ. ಅವರು ನಗಲಿಲ್ಲ.

"ಯಾಕ ನಗ್ತಿ?" ಅಂದರು.

"ಚಾಷ್ಟಿ ಮಾಡಾಕತ್ತೀರಿ ಅಂದಕೊಂಡಿದ್ನಿರಿ."

"ಇಲ್ಲ. ಸರಿ ಬಾರಸಾಕತ್ತೇನಿ ಅಂತ ನಾ ತಿಳಕೊಂಡಿದ್ದೆ."

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಹರಿಯಿತು.

ಝಾಂಜದ ಪಟ್ಟುಗಳೆಲ್ಲ ಅವರಿಗೆ ಬಂದಿದ್ದವು. ಎರಡು ತಟ್ಟೆಯನ್ನು ನೆಟ್ಟಗೆ ಬಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ಥಪ್ ಅನ್ನುತ್ತದೆ. ಒಂದು ಕೆಳಗಿನಿಂದ ಮೇಲೆ, ಒಂದು ಮೇಲಿನಿಂದ ಕೆಳಗೆ, ಒಂದನ್ನೊಂದು ಸವರಿಕೊಂಡು ಹೋಗಬೇಕು. ಆಮೇಲೆ ಎರಡೂ ಕೈ ಅಗಲಕ್ಕೆ ತೆರೆದು ತಟ್ಟೆಯ ಮುಖ ಜನರ ಕಡೆಗೆ ತಿರುಗಿಸಬೇಕು. ಅದನ್ನು ಅವರು ಎಷ್ಟು ಚೆಂದ ಮಾಡುತ್ತಿದ್ದರೆಂದರೆ ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಮಾತ್ರ ಅಡಿಗೆ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ.

ಮೈದಾನದಲ್ಲಿ ಹೆಜ್ಜೆ ಹಾಕುವುದೂ ಅವರಿಗೆ ಬರುತ್ತಿತ್ತು, ಮುಂದಿನವನ ಕಾಲು ನೋಡಿ ಹಾಕುತ್ತಿದ್ದರು. ಝಾಂಜದ ಕಡೆ ಲಕ್ಷ್ಯ ಹೋದ ಕೂಡಲೇ ಕಾಲು ತಪ್ಪುತ್ತಿತ್ತು. ಕಾಲಿನ ಕಡೆ ಲಕ್ಷ್ಯ ಹೋದರೆ ಕೈ ತಪ್ಪುತ್ತಿತ್ತು. ದೊಡ್ಡ ಡೋಲಿನ ಜೊತೆಗೇ ಝಾಂಜ ಬೀಳಬೇಕಾದ್ದರಿಂದ ಬಾಜೂ ಮನೆಯವರ ಕೈ ನೋಡಲು ಕತ್ತು ತಿರುಗಿಸುತ್ತಿದ್ದರು. ಆಗ ಮಾಸ್ತರರು, "ಸಮೋರ ಬಘ! ಮುಂದ ನೋಡಪಾ, ಮುಂದ!" ಅಂತ ಕೂಗುತ್ತಿದ್ದರು.

ಒಂದು ಸಂಜೆ ಮಾಸ್ತರರ ಮುಂದೆ ಹೋಗಿ, "ನನಗ ಬರೂದಿಲ್ರಿ, ಬಿಟ್ಟಬಿಡ್ರಿ" ಅಂತ ಕೇಳಿಯೂ ಬಂದರು. ಮಾಸ್ತರರು ಸಿಟ್ಟಾಗಲಿಲ್ಲವಂತೆ. "ಬಿಡತೇನಿ. ಆದ್ರ ಆ ಕೋಟು ಯಾರಿಗೆ ಹಾಕಲಿ ಹೇಳು" ಅಂದರಂತೆ. ಗೇಟಿನಲ್ಲಿ ಅವರ ಅಳತೆಯ ಇನ್ನೊಬ್ಬ ಮನುಷ್ಯ ಇರಲಿಲ್ಲ.

ಆಮೇಲೆ ನಾನೇ ಕಲಿಸಲು ನಿಂತೆ. ಬೆನ್ನ ಹಿಂದೆ ನಡೆಯುತ್ತ ಬೆರಳಿಂದ ಬೆನ್ನಿಗೆ ತಟ್ಟಿದೆ. ತೊಡೆಯ ಮೇಲೆ ಎಣಿಸಿ ತೋರಿಸಿದೆ. ಅಕ್ಕಿ ಆರಿಸುವಾಗ ಮೊರ ತಟ್ಟಿ ತೋರಿಸಿದೆ. ಸಣ್ಣ ಹುಡುಗನ ಹಾಗೆ ಹೇಳಿದ್ದನ್ನೆಲ್ಲ ಮಾಡಿದರು. ಯಾವುದೂ ಹತ್ತಲಿಲ್ಲ.

ಅವರ ರಜೆಯ ದಿನ ನಾನು ಬಟ್ಟೆ ಒಗೆಯಲು ಕಾಳಿ ಹೊಳೆಗೆ ಹೋಗುವಾಗ ಅವರೂ ಝಾಂಜವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಅಲ್ಲಾದರೆ ಯಾರೂ ಕೇಳುವುದಿಲ್ಲ ಅಂತ. ಮೊಸಳೆಯ ಭಯಕ್ಕೆ ನಾವು ಹೆಂಗಸರು ಆಳದ ಕಡೆ ಹೋಗದೆ ಕಲ್ಲು ಇದ್ದಲ್ಲೇ ಒಗೆಯುತ್ತಿದ್ದೆವು. ಆ ದಿನ ಬೇರೆ ಯಾರೂ ಬಂದಿರಲಿಲ್ಲ. ನಾನು ಬಟ್ಟೆ ಎತ್ತಿ ಕಲ್ಲಿಗೆ ಬಡಿಯುತ್ತಿದ್ದೆ, ಅವರು ಎದುರಿಗೆ ನಿಂತು ನನ್ನ ಕೈ ನೋಡುತ್ತ ಬಾರಿಸತೊಡಗಿದರು. ಬಟ್ಟೆ ಬಿದ್ದಾಗಲೇ ಝಾಂಜ ಬಿತ್ತು. ಮತ್ತೆ ಬಿತ್ತು. ಆಚೆ ದಂಡೆಯ ಗಿಡದಿಂದ ಹಕ್ಕಿಗಳು ಎದ್ದವು. ನನಗೆ ಸಂತೋಷಕ್ಕೆ ಕೈ ನಿಲ್ಲಲೇ ಇಲ್ಲ, ಒಗೆದದ್ದನ್ನೇ ಒಗೆದೆ.

"ಬಂತಲ್ರಿ" ಅಂದೆ.

"ನಿನ್ನ ಕೈ ಕಾಣತೈತಿ, ಅದಕ್ಕ ಬಂತು" ಅಂದರು. "ಈಗ ಕಣ್ಣು ಮುಚ್ಚತೇನಿ, ನೋಡು."

ಕಣ್ಣು ಮುಚ್ಚಿದರು. ನಾನು ಬಡಿಯುತ್ತ ಹೋದೆ. ಝಾಂಜ ಎಲ್ಲೆಲ್ಲೋ ಬಿತ್ತು. ಕಣ್ಣು ತೆರೆದು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಟವೆಲಿನಲ್ಲಿ ಮತ್ತೆ ಸುತ್ತಿ, ಒದ್ದೆ ಬಟ್ಟೆಯ ಬುಟ್ಟಿಯನ್ನೂ ತಾವೇ ಹೊತ್ತುಕೊಂಡು ಮುಂದೆ ನಡೆದರು.

ಅದಾದ ಕೆಲವು ದಿನಕ್ಕೆ ನಾನು ಮಾಡಿದ ಒಂದು ಕೆಲಸ ತಿರುಗಿ ನಮಗೇ ಹೊಡೆಯಿತು. ಮಧ್ಯಾಹ್ನ ಅವರು ಗೇಟಿನಿಂದ ಬಂದು ಉಂಡು ಅಡ್ಡಾಗಿದ್ದರು. ಝಾಂಜ ಗೂಟಕ್ಕೆ ತೂಗುತ್ತಿತ್ತು. ಒಮ್ಮೆ ಮುಟ್ಟಿ ನೋಡಬೇಕು ಅನ್ನಿಸಿ ಬಾಗಿಲು ಮುಂದೆ ಮಾಡಿ ಕೈಗೆ ತೂರಿಸಿಕೊಂಡೆ. ನಾನು ಅಂದುಕೊಂಡದ್ದಕ್ಕಿಂತ ಭಾರ. ಮೈದಾನದಿಂದ ದಿನಾ ಕೇಳುತ್ತಿದ್ದ ಹಾಡನ್ನು ಮನಸ್ಸಿನಲ್ಲೇ ಹಿಡಿದು ಬಾರಿಸಿದೆ. ನಿಂತಲ್ಲೇ ಹೆಜ್ಜೆಯನ್ನೂ ಹಾಕಿದೆ. ಎಲ್ಲಿಯೂ ತಪ್ಪಲಿಲ್ಲ. ತಿರುಗಿ ನೋಡಿದರೆ ಅವರು ಎದ್ದು ಕೂತು ನನ್ನನ್ನೇ ನೋಡುತ್ತಿದ್ದರು.

"ನಿನಗ ಬರತೈತಿ" ಅಂದರು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಹೆಂಗಸಿಗೆ ಬಂದು ಏನು ಉಪಯೋಗ ಅಂತ ಇಬ್ಬರಿಗೂ ಅನ್ನಿಸಿತು. ಝಾಂಜವನ್ನು ತಿರುಗಿ ಗೂಟಕ್ಕೆ ಹಾಕಿದೆ.

ಚಾಳಿನ ನಡುಗೋಡೆ ಮೇಲಿನ ತನಕ ಇರಲಿಲ್ಲ. ಆಚೆ ಬಾಜೂ ಮನೆಯವರು, ಅದೇ ದೊಡ್ಡ ಡೋಲಿನವರು, ಎಲ್ಲ ಕೇಳಿಸಿಕೊಂಡಿದ್ದರು. ಸಂಜೆ ಮೈದಾನದಲ್ಲಿ ಮಾಸ್ತರರಿಗೆ, "ಇವರಿಗೆ ಬಂತ್ರೀ, ಇವತ್ತ ಮನ್ಯಾಗ ಬಾರಿಸಿದ್ದು ನಾನ ಕೇಳೇನಿ" ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳಿಬಿಟ್ಟರು. ಮಾಸ್ತರರಿಗೆ ಖುಷಿಯಾಗಿ, ಉಳಿದ ವಾದ್ಯ ಎಲ್ಲ ನಿಲ್ಲಿಸಿ, ಡೋಲು ಮತ್ತು ಝಾಂಜ ಎರಡನ್ನೇ ಎಲ್ಲರ ಮುಂದೆ ಮೈದಾನದ ಆ ತುದಿಯಿಂದ ಈ ತುದಿಗೆ ನಡೆಸಿದರು. ನೋಡಲು ಗೇಟಿನ ಸಾಹೇಬರೂ ಬಂದು ನಿಂತಿದ್ದರು. ಆ ದಿನ ಏನಾಯಿತು ಅಂತ ನಮ್ಮ ಮನೆಯವರು ಹೇಳಲಿಲ್ಲ. ಬಾಜೂ ಮನೆಯ ಅಕ್ಕ ಬಂದು ಹೇಳಿದಳು, "ಪಾಪ, ಮಂದಿ ನಕ್ಕಾರಂತ ತಂಗಿ." ಬಾರಿಸಿದವಳು ನಾನು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಮಂದಿ ಅವರನ್ನು ನೋಡಿ ಇನ್ನಷ್ಟು ನಗುತ್ತಿದ್ದರು. ನುಂಗಿಕೊಂಡೆ.

ಝೆಂಡಾ ವಂದನೆಯ ದಿನ ಬೆಳಿಗ್ಗೆ ಕೋಟಿನ ಗುಂಡಿ ನಾನೇ ಹಾಕಿದೆ. "ಹೋಗಿ ಬರ್ತೇನಿ" ಅಂದರು, ಅಷ್ಟೇ. ಬಾಜೂ ಮನೆಯ ಅಕ್ಕನ ಜೊತೆ ನಾನು ಬಜಾರದ ರಸ್ತೆಯ ಪಕ್ಕ ನಿಂತೆ. ದೂರದಿಂದ ಕೊಳಲು ಕೇಳಿತು, ಆಮೇಲೆ ಡೋಲು. ನಾನು ಡೋಲಿನ ಜೊತೆ ಬೀಳುವ ಝಾಂಜಕ್ಕಾಗಿ ಕಿವಿಗೊಟ್ಟೆ. ಬರಲಿಲ್ಲ. ಇನ್ನೂ ಹತ್ತಿರ ಬಂದರು. ಎಲ್ಲರಿಗಿಂತ ಎತ್ತರದಲ್ಲಿ ಕೆಂಪು ಕೋಟಿನ ಅವರು, ಬಿಸಿಲಿಗೆ ಥಳ ಥಳ ಹೊಳೆಯುವ ತಟ್ಟೆಗಳು. ಒಂದು ಮೇಲೆ, ಒಂದು ಕೆಳಗೆ, ಎರಡೂ ಕೂಡುವ ಹಾಗೆ ಬಂದು, ಇನ್ನೇನು ತಾಕಬೇಕು ಅನ್ನುವಾಗ ಬೆರಳಿನಷ್ಟು ಸಂದು ಬಿಟ್ಟು ಹಾಯ್ದುಹೋದವು. ಕೈ ಅಗಲಕ್ಕೆ ತೆರೆದವು. ಮತ್ತೆ ಹಾಗೆಯೇ. ಉದ್ದಕ್ಕೂ ಹಾಗೆಯೇ. ಅವರು ನೆಟ್ಟಗೆ ಮುಂದೆ ನೋಡುತ್ತ ನಮ್ಮನ್ನು ದಾಟಿ ಹೋದರು.

"ನಿಮ್ಮವರು ರಾಜನ ಹಂಗ ಕಾಣ್ತಾರ ನೋಡ" ಅಂದಳು ಅಕ್ಕ. ಜನ ಬೆರಳು ಮಾಡಿ ತೋರಿಸುತ್ತಿದ್ದರು. ಆ ಗದ್ದಲದಲ್ಲಿ ಝಾಂಜ ಇಲ್ಲ ಅಂತ ಯಾರ ಕಿವಿಗೂ ಬೀಳಲಿಲ್ಲ. ಓಡಿ ಹೋಗಿ ಆ ತಟ್ಟೆಗಳನ್ನು ಕಸಿದುಕೊಳ್ಳಬೇಕು ಅನ್ನಿಸಿತು. ಬಾರಿಸಲಿಕ್ಕೋ, ಬಚ್ಚಿಡಲಿಕ್ಕೋ ತಿಳಿಯಲಿಲ್ಲ. ಸೆರಗು ಹಿಡಿದುಕೊಂಡು ನಿಂತೇ ಇದ್ದೆ.

ಮನೆಗೆ ಬಂದು ಕೋಟು ಕಳಚಿ ಕೂತರು. ನೀರು ಕೊಟ್ಟೆ. "ನಾ ನೋಡೀನ್ರಿ" ಅಂದೆ.

ನೀರು ಕುಡಿದು ಲೋಟ ಕೆಳಗಿಟ್ಟು ಕೇಳಿದರು, "ಎಲ್ಲಾರಿಗೂ ಗೊತ್ತಾತೇನು?"

"ಇಲ್ರಿ. ಯಾರಿಗೂ ಗೊತ್ತಾಗಿಲ್ಲ."

"ನಿನ್ನೆ ಮಾಸ್ತರ ಹೇಳಿದ್ರು. ಮುಟ್ಟಸಬ್ಯಾಡ, ತೋರಸು ಅಷ್ಟ, ಅಂದ್ರು. ಕಲಿಯೂತನ ಹಂಗ ಇರಲಿ ಅಂದ್ರು."

ಕಲಿಯುವ ತನಕ ಅನ್ನುವ ಆ ಮಾತು ವರ್ಷಗಟ್ಟಲೆ ನಡೆಯಿತು. ಕೆಲಸ ಕಾಯಂ ಆಯಿತು, ಬ್ಯಾಂಡಿಗೆ ಸೇರದವರದೂ ಅದೇ ತಿಂಗಳು ಆಯಿತು. ಬ್ಯಾಂಡು ಬಿಡುವ ಮಾತು ಮಾತ್ರ ಯಾರೂ ಎತ್ತಲಿಲ್ಲ. ಚೊಚ್ಚಲ ಬಾಣಂತನಕ್ಕೆ ನಾನು ತೇರಗಾಂವಕ್ಕೆ ಹೋದಾಗ ಹಳಿಯಾಳದಲ್ಲಿ ಯಾವುದೋ ಸಾಲೆಯ ಸಮಾರಂಭಕ್ಕೆ ಈ ಬ್ಯಾಂಡನ್ನು ಕರೆದಿದ್ದರು. ಅಳಿಯ ಬಾರಿಸುವುದನ್ನು ನೋಡಬೇಕು ಅಂತ ಅಪ್ಪ ಚಕ್ಕಡಿ ಕಟ್ಟಿಕೊಂಡು ಹೊರಟ. ಬೇಡ ಅನ್ನಲು ನನಗೆ ಯಾವ ನೆವವೂ ಹೊಳೆಯಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಚಕ್ಕಡಿ ತಿರುಗಿ ಬರುವುದನ್ನು ಕಾಯ್ದೆ.

ಅಪ್ಪ ಬಂದು ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತ. "ಅಳೇರು ಭಾಳ ಚಂದ ಕಂಡ್ರು" ಅಂದ. ಆಮೇಲೆ ದನಿ ಇಳಿಸಿ, "ಆ ಝಾಂಜ ಒಂದಕ್ಕೊಂದು ಕೂಡೂದ ಇಲ್ಲಲ್ಲವಾ. ನಿನಗ ಗೊತ್ತೈತೇನು?" ಅಂದ.

ಗೊತ್ತು ಅಂತ ತಲೆಯಾಡಿಸಿದೆ.

ಮರುದಿನ ಮಗುವನ್ನು ನೋಡಲು ಅವರು ಬಂದರು. ಊಟವಾದ ಮೇಲೆ ಅಪ್ಪ ಭಜನೆಯ ತಾಳ ತಂದು ಒಂದು ಜೋಡಿ ಅವರ ಕೈಗೆ ಕೊಟ್ಟು, ಒಂದು ತಾನು ಹಿಡಿದು, ಪಡಸಾಲೆಯಲ್ಲಿ ಎದುರಾಬದುರು ಕೂರಿಸಿಕೊಂಡ. ನಾನು ಒಳಕೋಣೆಯಲ್ಲಿದ್ದೆ. ಅಪ್ಪನದು ಬೀಳುತ್ತಿತ್ತು, ಅವರದು ಪಕ್ಕದಲ್ಲಿ ಬೀಳುತ್ತಿತ್ತು. ಅಪ್ಪ ನಿಧಾನ ಮಾಡಿದ, ಹಾಡಿ ತೋರಿಸಿದ, ಕೈ ಹಿಡಿದು ಹಾಕಿಸಿದ. ಹೊತ್ತು ಇಳಿಯುವ ತನಕ ಹೀಗೇ ನಡೆಯಿತು. ಕೊನೆಗೆ ಸದ್ದು ನಿಂತಿತು.

"ಇರ್ಲಿ ಬಿಡ್ರಿ ಅಳೇರ" ಅಂತ ಅಪ್ಪನ ದನಿ ಕೇಳಿತು. "ಕೆಲವರಿಗೆ ಒಲಿಯೂದಿಲ್ಲ. ನಿಮ್ಮದೇನೂ ತಪ್ಪಿಲ್ಲ."

"ನಿಮ್ಮ ಮಗಳಿಗೆ ಭಾಳ ಚೊಲೋ ಬರತೈತ್ರಿ" ಅಂದರು ಅವರು.

ಅಪ್ಪ ಎದ್ದು ದನಗಳಿಗೆ ಮೇವು ಹಾಕಲು ಹೋದ.

ಮಗ ನಡೆಯಲು ಕಲಿತ ವರ್ಷ ಮುಂಡಗೋಡದ ಕಡೆಯ ಚಿಗಳ್ಳಿಯಿಂದ ಒಬ್ಬ ತರುಣ ಗೇಟಿನ ಕೆಲಸಕ್ಕೆ ಸೇರಿದ. ಅವನೂ ಎತ್ತರ. ಸಿಂಪಿಗ ತೋಳು ಒಂದಿಷ್ಟು ಮೊಟಕು ಮಾಡಿದ, ಕೋಟು ಕೂತಿತು. ಝಾಂಜ ಕೈಗೆ ಕೊಟ್ಟ ಮೊದಲ ಸಂಜೆಯೇ ಅವನು ಡೋಲಿನ ಜೊತೆ ಸರಿಯಾಗಿ ಬಾರಿಸಿದನಂತೆ. ನಮ್ಮ ಮನೆಯವರೇ ಬಂದು ಹೇಳಿದರು. ಪಟ್ಟಿ ಹಿಡಿಯುವುದು ಹೇಗೆ, ಕೈ ಅಗಲಿಸುವುದು ಹೇಗೆ ಅಂತ ತಾವೇ ಅವನಿಗೆ ತೋರಿಸಿಕೊಟ್ಟಿದ್ದರು.

ಆ ಆಗಸ್ಟಿನ ಝೆಂಡಾ ವಂದನೆಗೆ ಮೊದಲ ಸಲ ಅವರು ನನ್ನ ಜೊತೆ ರಸ್ತೆಯ ಪಕ್ಕ ನಿಂತರು. ಮಗ ಅವರ ಹೆಗಲ ಮೇಲಿದ್ದ. ಮಳೆ ಬಿಟ್ಟಿತ್ತು, ರಸ್ತೆಯೆಲ್ಲ ಕೆಸರು. ಬ್ಯಾಂಡು ಬಂತು, ಝಾಂಜದ ಸದ್ದು ಎದೆಗೇ ಬಂದು ಬಡಿಯಿತು. ಮಗ ಕಿವಿ ಮುಚ್ಚಿಕೊಂಡ. ಅವರು ಆ ಚಿಗಳ್ಳಿಯ ಹುಡುಗನ ಕೈಯನ್ನೇ ನೋಡುತ್ತಿದ್ದರು.

"ಸರಿ ಬಾರಸ್ತಾನೇನು?" ಅಂತ ನನ್ನನ್ನು ಕೇಳಿದರು.

"ಹೂನ್ರಿ. ಸರಿ ಬಾರಸ್ತಾನ."

"ಎಲ್ಲೂ ತಪ್ಪಿಲ್ಲಾ?"

"ಎಲ್ಲೂ ತಪ್ಪಿಲ್ರಿ."

"ಚೊಲೋ ಆತು ಬಿಡು" ಅಂದರು. ಇಷ್ಟು ಹತ್ತಿರ ನಿಂತು, ಇಷ್ಟು ದೊಡ್ಡ ಸದ್ದನ್ನು ಕೇಳಿಯೂ ಅವರು ನನ್ನನ್ನು ಕೇಳಿ ತಿಳಿಯಬೇಕಾಯಿತಲ್ಲ ಅನ್ನಿಸಿತು. ಒಬ್ಬರ ಕಿವಿಯನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಬ್ಯಾಂಡು ಬಜಾರದ ಕಡೆ ತಿರುಗಿ ಮರೆಯಾಗುವ ತನಕ ಅವರು ನೋಡುತ್ತಿದ್ದರು. ಆಮೇಲೆ ಎರಡನೆಯ ಪಾಳಿಗೆ ಹೊತ್ತಾಗುತ್ತದೆ ಅಂತ ಮಗನನ್ನು ನನ್ನ ಕಂಕುಳಿಗೆ ಕೊಟ್ಟು, ಕೆಸರು ದಾಟಿಕೊಂಡು ಗೇಟಿನ ಕಡೆ ನಡೆದರು.