ಅಳತೆಗೆ ಬಂದ ಕೋಟು

ನಮ್ಮ ಯಜಮಾನರು ಸಣ್ಣಸ್ವಾಮಿಯವರ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವರ ಕೈಗಳನ್ನು. ಹೆಣ್ಣು ನೋಡಲು ಬಂದವರ ಮುಂದೆ ತಲೆ ಎತ್ತಬಾರದು ಎಂದು ಕಾಳತ್ತೆ ಬೆಳಗ್ಗೆಯಿಂದ ನಾಲ್ಕು ಸಲ ಹೇಳಿದ್ದಳು. ಕಾಳಮ್ಮ ನನ್ನ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯ ಬೀಗದಕೈಯೂ ಮಾತೂ ಅವಳದೇ. ಹಾಗಾಗಿ ಕಾಫಿ ಲೋಟಗಳ ತಟ್ಟೆ ಹಿಡಿದು ನಡುಮನೆಗೆ ಬಂದಾಗ ನನಗೆ ಕಂಡದ್ದು ಒಂದು ಸಾಲು ಮಂಡಿಗಳು, ಮಂಡಿಗಳ ಮೇಲೆ ಕೈಗಳು. ಕೊನೆಯ ಜೊತೆ ಕೈ ಅರ್ಧವೇ ಇತ್ತು. ಉಳಿದರ್ಧವನ್ನು ಕಂದು ಬಣ್ಣದ ಕೋಟಿನ ತೋಳು ನುಂಗಿತ್ತು. ಲೋಟಕ್ಕಾಗಿ ಬಲಗೈ ಮುಂದೆ ಬಂತು, ತೋಳು ಬೆರಳಿನ ಗೆಣ್ಣುಗಳ ಮೇಲೆ ಜಾರಿತು, ಎಡಗೈ ಬಂದು ಅದನ್ನು ಯಾರಿಗೂ ಕಾಣದ ಹಾಗೆ ಮೇಲಕ್ಕೆ ಸರಿಸಿತು. ಬೆರಳ ತುದಿಯಲ್ಲಿ ಶಾಯಿಯ ಕಲೆ ಇತ್ತು.

ಅವರು ಹೊರಡಲು ಎದ್ದಾಗ ಒಂದೇ ಸಲ ಕಣ್ಣೆತ್ತಿದೆ. ಅವರ ಬೆನ್ನು ನನ್ನ ಕಡೆಗಿತ್ತು. ಕೋಟಿನ ಭುಜ ಅವರ ಭುಜವನ್ನು ದಾಟಿ ಹೋಗಿ ಅಲ್ಲಿಂದ ಕೆಳಗೆ ಬಾಗಿತ್ತು. ಈ ಕೋಟು ಇವರದಲ್ಲ ಎಂದು ನನಗೆ ಆಗಲೇ ತಿಳಿಯಿತು. ಯಾರಿಗೂ ಹೇಳಲಿಲ್ಲ. ಇನ್ನೊಬ್ಬರ ಬಟ್ಟೆಯೊಳಗೆ ಹುದುಗಿ ಕೂತ ಆ ಕೈಗಳ ಮೇಲೆ ನನಗೆ ಯಾಕೋ ಅಕ್ಕರೆ ಬಂದುಬಿಟ್ಟಿತ್ತು.

ಕೊಡಗು ಆಗ ಬೇರೆ ರಾಜ್ಯ. ನಮ್ಮೂರು ಶನಿವಾರಸಂತೆಗೆ ಎರಡು ಮೈಲಿ, ಹಳ್ಳ ದಾಟಿದರೆ ಮೈಸೂರು ಸೀಮೆ. ಯಜಮಾನರದು ಕೊಡ್ಲಿಪೇಟೆ ಕಡೆ. ಚಿಕ್ಕಂದಿನಲ್ಲೇ ತಂದೆ ಹೋಗಿದ್ದರು. ತಾಯಿ ನಿಂಗಮ್ಮ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿ ಮಗನನ್ನು ಎಂಟನೇ ಕ್ಲಾಸಿನವರೆಗೆ ಓದಿಸಿದರು. ಅಕ್ಷರ ಮುತ್ತು ಜೋಡಿಸಿದ ಹಾಗಿದ್ದುದರಿಂದ ಸೋಮವಾರಪೇಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತ್ತು. ಮುಂಜಾನೆ ಕೆಲಸದವರ ಮನೆಸಾಲುಗಳಾದ ಲೈನ್‌ಗಳ ಮುಂದೆ ನಿಂತು ಆಳುಗಳ ಹೆಸರು ಕೂಗುವುದು, ಆಮೇಲೆ ಕೂತು ಲೆಕ್ಕದ ಪುಸ್ತಕ ಬರೆಯುವುದು. ಕೂಗುವುದು ಎಂದು ಬರೆದೆ, ಆದರೆ ಅವರು ಕೂಗಿದ್ದನ್ನು ಕೇಳಿದವರಿಲ್ಲ. ಹಾಜರಿ ಕೂಗಿದರೆ ಮಗುವಿನ ಕಿವಿಯಲ್ಲಿ ಹೆಸರಿಟ್ಟ ಹಾಗಿರುತ್ತದೆ ಎಂದು ಕೆಲಸದವರು ನಗುತ್ತಿದ್ದರಂತೆ.

ಮದುವೆ ಗೊತ್ತಾಯಿತು. ವರಪೂಜೆಯ ಸಂಜೆ ಗಂಡಿಗೆ ಹೆಣ್ಣಿನ ಕಡೆಯವರು ಸೂಟು ಹಾಕಿಸುವುದು ಆಗ ನಮ್ಮ ಕಡೆ ಬಲವಾಗಿ ಬಂದಿದ್ದ ಪದ್ಧತಿ. ಅಪ್ಪ ಕೆಂಪಣ್ಣನವರು ಊರೆಲ್ಲ ಹೇಳಿಕೊಂಡು ಬಂದರು.

“ನನ್ನ ಅಳಿಯನ ಸೂಟು ನೋಡಿ ಕೊಡ್ಲಿಪೇಟೆಯೋರು ಮೂಗಿನ ಮೇಲೆ ಬೆರಳಿಡಬೇಕು, ನೋಡ್ತಿರಿ.”

ಅಪ್ಪ ಒಳ್ಳೆಯವರೇ. ಆದರೆ ಮೋಸ ಎನ್ನಿಸಿದರೆ ಅವರದು ಒಂದೇ ಮಾತು. ದೊಡ್ಡಪ್ಪನ ಮಗಳಿಗೆ ಗೊತ್ತಾದ ಗಂಡು ವಯಸ್ಸು ಎರಡು ವರ್ಷ ಕಡಿಮೆ ಹೇಳಿದ್ದಾನೆ ಎಂದು ತಿಳಿದಾಗ, ಹಾಕಿದ ಚಪ್ಪರದ ಗಳ ಕೀಳಿಸಿದವರು ಅವರು.

ಆಗ ಕಾಫಿ ಪಿಕ್ಕಿಂಗ್ ಭರದಲ್ಲಿತ್ತು. ಅಳತೆ ಕೊಡಲು ಬರುವುದಕ್ಕೂ ಗಂಡಿಗೆ ರಜೆ ಸಿಗಲಿಲ್ಲ. ಅವರ ತಾಯಿ ಮೊಳೆಗೆ ನೇತುಹಾಕಿದ್ದ ಕೋಟನ್ನು ಮಡಿಸಿ, “ಮಗಂದು, ಅಳತೆಗೆ” ಎಂದು ನಮ್ಮೂರಿಗೆ ಬರುವವರ ಕೈಯಲ್ಲಿ ಕಳಿಸಿದರು. ಹೆಣ್ಣು ನೋಡಿ ಬಂದ ದಿನ ಮಗ ಅದನ್ನು ತಾಯಿಯ ಮನೆಯಲ್ಲೇ ಬಿಟ್ಟು, ಹೊತ್ತಾಯಿತೆಂದು ಎಸ್ಟೇಟಿಗೆ ಓಡಿದ್ದರು. ಮಗ ತೊಟ್ಟು ಬಂದದ್ದು ಮಗನದೇ ಎಂದು ಆ ತಾಯಿ ನಂಬಿದ್ದರು.

ಹತ್ತು ದಿನ ಆ ಕಂದು ಕೋಟು ನಮ್ಮ ನಡುಮನೆಯ ಗೋಡೆಯ ಮೊಳೆಯಲ್ಲಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಅದರ ಮೇಲೆ ನಿಂತಾಗ ಹೊಗೆಸೊಪ್ಪಿನ ವಾಸನೆ, ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಮೆಲ್ಲಗೆ ಎದ್ದು ಬರುತ್ತಿತ್ತು. ಬಲ ಮೊಣಕೈ ಹತ್ತಿರ ಹರಿದಲ್ಲಿ ನೀಟಾಗಿ ಎಳೆ ತುಂಬಿ ರಫು ಮಾಡಿದ್ದ ಗುರುತಿತ್ತು. ಅಕ್ಕಿ ಆರಿಸುತ್ತ ನಾನು ಅದನ್ನೇ ನೋಡುತ್ತಿದ್ದೆ. ಯಾರೋ ಗೊತ್ತಿಲ್ಲದ ದೊಡ್ಡ ಆಳು ಗೋಡೆಗೆ ಮುಖ ಮಾಡಿ ನಿಂತಂತೆ ಇರುತ್ತಿತ್ತು. ಇದೇ ಅಳತೆಗೆ ಸೂಟು ಹೊಲಿದರೆ ಆ ಕೈಗಳು ಎಲ್ಲರೆದುರು ಮತ್ತೆ ತೋಳಿನೊಳಗೆ ಮುಳುಗುತ್ತವೆ, ಜನ ನಗುತ್ತಾರೆ. ಬಾಯಿಬಿಟ್ಟರೆ, ಬೇರೆಯವರ ಕೋಟು ಹಾಕಿಕೊಂಡು ಹೆಣ್ಣು ನೋಡಲು ಬಂದವನೆಂದು ಅಪ್ಪ ಮದುವೆಯನ್ನೇ ಮುರಿಯುತ್ತಾರೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ.

ಸೋಮವಾರ ಸಂತೆಯ ದಿನ ಜವಳಿ ತೆಗೆಯಲು ಅಪ್ಪ, ಅತ್ತೆ, ನಾನು ಬಸ್ಸು ಹತ್ತಿ ಸೋಮವಾರಪೇಟೆಗೆ ಹೋದೆವು. ಸೀರೆಗಳಾದ ಮೇಲೆ ಅಂಗಡಿಯವರು ಗಾದಿಯ ಮೇಲೆ ಕೋಟಿನ ಬಟ್ಟೆಗಳನ್ನು ಉರುಳಿಸಿದರು. ಅಪ್ಪ ಒಂದೊಂದನ್ನೂ ಹೋರಿಯ ಮೈ ತಟ್ಟಿದ ಹಾಗೆ ತಟ್ಟಿ, ಎಲ್ಲಕ್ಕಿಂತ ದಪ್ಪನೆಯದನ್ನು ಹಿಡಿದುಕೊಂಡರು.

ಅದೇ ಅಂಗಡಿಯ ಜಗಲಿಯಲ್ಲಿ ಮಿಷನ್ನು ಇಟ್ಟುಕೊಂಡಿದ್ದ ಟೈಲರ್ ಬೋಜ ಎದ್ದು ಬಂದ. ಘಟ್ಟದ ಕೆಳಗಿನವನು, ತುಳು ಮಾತಿನವನು.

“ದಪ್ಪ ನೋಡಿ ತಗೊಳ್ಬೇಡಿ ಮಾರಾಯ್ರೆ. ಅದು ಹೊದ್ದು ಮಲಗ್ಲಿಕ್ಕೆ ಆದೀತು, ಸೂಟಿಗಲ್ಲ.”

ಅವನು ಆ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಂಡಿ, ಸ್ವಲ್ಪ ಹೊತ್ತು ಹಿಡಿದು, ಬಿಟ್ಟ. ಸುಕ್ಕು ಹಾಗೇ ಉಳಿಯಿತು. ಪಕ್ಕದ ಬೂದು ಬಣ್ಣದ್ದನ್ನು ಹಿಂಡಿ ಬಿಟ್ಟ. ಅದು ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ಬಿಚ್ಚಿಕೊಂಡು ನುಣ್ಣಗಾಯಿತು. ಅದರಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿ ಹಿಡಿದ. ಕೂದಲು ಸುಟ್ಟ ವಾಸನೆ ಬಂತು.

“ಇದು ಅಪ್ಪಟ ಉಣ್ಣೆ. ಕುರಿ ಮೈಮೇಲಿಂದ ಬಂದದ್ದು. ಇಪ್ಪತ್ತು ವರ್ಷ ಹಾಕಿದ್ರೂ ಜೋತು ಬೀಳುದಿಲ್ಲ.”

“ನೀಲಿ ಇಲ್ವೇನಪ್ಪಾ?” ಎಂದರು ಅಪ್ಪ.

“ಉಂಟು. ಆದ್ರೆ ನೀಲಿ ಸರ್ಜು ಬಟ್ಟೆ ಕೂತಲ್ಲಿ ಸವೆದು ಮಿರಿಮಿರಿ ಹೊಳೀತದೆ. ಹುಡುಗ ರೈಟರು ಅಂದ್ರಲ್ಲ, ಕೂತೇ ಕೆಲಸ ಅಲ್ವಾ?”

“ಕರೀದಂತೂ ಬ್ಯಾಡ, ಶುಭಕಾರ್ಯ,” ಎಂದಳು ಅತ್ತೆ.

ಬೋಜ ಬೂದು ಬಟ್ಟೆಯನ್ನು ಜಗಲಿಯ ಬೆಳಕಿಗೆ ಹಿಡಿದ. ಅಂಗಡಿಯೊಳಗೆ ಬರೀ ಬೂದಿಯಂತಿದ್ದದ್ದು ಹೊರಗೆ ಬೇರೆಯೇ ಆಯಿತು. ಬೆಳಗಿನ ಹೊತ್ತು ಕಾಫಿ ಕಣದ ಮೇಲೆ ಮಂಜು ಕೂತು, ಬಿಸಿಲು ಬರಲೋ ಬೇಡವೋ ಎನ್ನುವಾಗ ಇರುತ್ತದಲ್ಲ, ಆ ಬಣ್ಣ. ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟಕ್ಕೇ ಅವರಿಗೆ ತಿಳಿಯಿತೇನೋ, “ಇದನ್ನೇ ಹರೀರಿ,” ಎಂದರು.

ಆಮೇಲೆ ಅಳತೆಯ ಕೋಟು ಬಿಡಿಸಿದರು. ಬೋಜ ಕಾಲರಿನ ಕೆಳಗೆ ಬೆರಳಾಡಿಸಿದ. ಬೆರಳು ನಿಂತಿತು.

“ಇದು ಹುಡುಗನದ್ದೇಯಾ?”

“ಮತ್ತಿನ್ಯಾರದು? ಅವರ ತಾಯೇ ಕೊಟ್ಟು ಕಳ್ಸವ್ರೆ,” ಎಂದರು ಅಪ್ಪ.

“ಸರಿ, ಸರಿ,” ಎಂದು ಬೋಜ ಕೋಟನ್ನು ಮಡಿಸಿ ಬದಿಗಿಟ್ಟ.

ನನ್ನ ರವಿಕೆಗಳ ಅಳತೆ ಆಗುವುದಿತ್ತು. ಅಪ್ಪ ನಮ್ಮನ್ನು ಜಗಲಿಯಲ್ಲಿ ಕೂರಿಸಿ ಸಂತೆಯೊಳಗೆ ಹೋದರು. ಅತ್ತೆ ಎಲೆಯಡಿಕೆ ಮೆಲ್ಲುತ್ತ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಈಗ ಬಿಟ್ಟರೆ ಇನ್ನಿಲ್ಲ ಅನ್ನಿಸಿತು.

“ಟೈಲರೇ, ಆ ಕೋಟಿನ ಅಳತೆಗೆ ಕತ್ತರಿ ಹಾಕಬ್ಯಾಡಿ. ಅದು ಅವರಿಗೆ ಆಗಕಿಲ್ಲ.”

ಬೋಜ ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ನನಗೆ ಗೊತ್ತುಂಟು ತಂಗೀ. ಆ ಕಾಲರು ಕೂರಿಸಿದ್ದೇ ನಾನು. ನನ್ನ ಕೈ ಹೊಲಿಗೆ ನಂಗೆ ಗೊತ್ತಾಗುದಿಲ್ವಾ? ಅದು ಪೂವಯ್ಯನವರದ್ದು. ಮಿಲಿಟರಿ ಪಲ್ಟನ್ನಿನಿಂದ ಬಂದವರು, ನಿಮ್ಮ ಹುಡುಗನ ಎಸ್ಟೇಟಲ್ಲೇ ಸೂಪರ್‌ವೈಸರು, ಆರಡಿ ಆಳು. ಮದುವೆ ವಿಷಯ, ನಿಮ್ಮಪ್ಪನ ಎದುರು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಆದ್ರೆ ಹುಡುಗನನ್ನು ನಾ ಕಂಡೇ ಇಲ್ಲ. ಯಾವ ಅಳತೆಗೆ ಕತ್ತರಿಸ್ಲಿ?”

“ನಾನು ಹೇಳ್ತೀನಿ.”

“ಎಲಾ ಹೆಣ್ಣೆ!” ಕಂಬದ ಕಡೆಯಿಂದ ಅತ್ತೆಯ ದನಿ ಬಂತು. ಅವಳು ಮಲಗಿರಲೇ ಇಲ್ಲ. “ತಲೆ ಬಗ್ಗಿಸ್ಕಂಡು ಕೂತವಳೆ, ಎಷ್ಟು ಒಳ್ಳೇ ಹೆಣ್ಣು ಅನ್ಕಂಡಿದ್ದೆ. ಟೇಪು ಹಿಡ್ಕಂಡು ಕೂತಿದ್ದಾ ನೀನು?”

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. “ಅತ್ತೆ, ಅಪ್ಪನಿಗೆ ಹೇಳಬ್ಯಾಡ.”

ಅತ್ತೆ ಎಲೆಯಡಿಕೆ ಉಗಿದು ಬಂದು ನನ್ನ ಪಕ್ಕ ನಿಂತಳು. ಸಂತೆಯ ದಾರಿಯನ್ನೊಮ್ಮೆ ನೋಡಿದಳು. “ಕೆಂಪಣ್ಣನ ಕಿವಿಗೆ ಬಿದ್ರೆ ಚಪ್ಪರದ ಒಂದು ಗಳವೂ ಉಳಿಯಕಿಲ್ಲ. ಅವನು ಬರೋದ್ರೊಳಗೆ ಬೇಗ ಬೇಗ ಹೇಳು, ಮತ್ತೆ.”

ಬೋಜನನ್ನೇ ನಿಲ್ಲಿಸಿ ಅಳತೆ ತೆಗೆದೆವು. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ. ನಾನು ಕಣ್ಣು ಮುಚ್ಚಿದೆ. ಸಂತೆಯ ಗದ್ದಲ, ಬಸ್ಸಿನ ಹಾರನ್ನು ಎಲ್ಲ ದೂರ ದೂರ ಹೋಗಿ, ನಮ್ಮ ನಡುಮನೆ ಕಣ್ಣೊಳಗೆ ತಂಪಾಗಿ ತೆರೆದುಕೊಂಡಿತು. ಅವರು ಎದ್ದರು. ಬಾಗಿಲ ಕಡೆ ತಿರುಗಿದರು. ಅವರು ಹೋಗದ ಹಾಗೆ ಮನಸ್ಸಿನಲ್ಲೇ ಹಿಡಿದುಕೊಂಡು ನಾನು ಹೇಳುತ್ತ ಹೋದೆ. ಎತ್ತರ ಬೋಜನಿಗಿಂತ ಎರಡು ಬೆರಳು ಹೆಚ್ಚು. ತೋಳು ಮಣಿಕಟ್ಟಿನ ಮೂಳೆಗೆ ನಿಲ್ಲಬೇಕು. ಕೋಟಿನೊಳಗಿನ ಭುಜ ಬೋಜನಷ್ಟೇ.

“ಹೊಟ್ಟೆ ನಿಂದಷ್ಟಿಲ್ಲ ಕಣಪ್ಪ,” ಎಂದಳು ಅತ್ತೆ. “ಅರ್ಧವೂ ಇಲ್ಲ. ನಾನೂ ನೋಡಿದೀನಿ.”

“ಅಮ್ಮಾ, ನೀವೂ ತಲೆ ಬಗ್ಗಿಸಿಯೇ ಕೂತದ್ದಾ?” ಎಂದ ಬೋಜ. ಮೂವರೂ ನಕ್ಕೆವು.

“ಭುಜ ಸರಿಯಾಗಿ ಹೇಳಿ ತಂಗೀ. ಉಳಿದದ್ದೆಲ್ಲ ಬಿಚ್ಚಿ ಹೊಲೀಬಹುದು, ಭುಜ ತಪ್ಪಿದ್ರೆ ಕೋಟೇ ಹೋಯ್ತು.”

“ಎಡಗಡೆದು ಒಂಚೂರು ಇಳಿದದೆ.”

“ಅದು ಮುಖ್ಯ,” ಎಂದು ಅವನು ಸೀಮೆಸುಣ್ಣದಿಂದ ಗುರುತು ಹಾಕಿಕೊಂಡ. “ಎಡಕ್ಕೆ ಒಳಗಿಂದ ಸ್ವಲ್ಪ ಹತ್ತಿ ಕೊಡುವಾ.”

ಅಷ್ಟರಲ್ಲಿ ಅಪ್ಪ ಬೆಲ್ಲದ ಪಿಂಡಿ ಹೊತ್ತು ಬಂದರು. ಅಳತೆ ಆಯಿತಾ ಎಂದು ಕೇಳಿದರು. ಅತ್ತೆ, “ಎಲ್ಲಾ ಆಯ್ತು, ಚಂದಾಗಿ ಆಯ್ತು,” ಎಂದಳು.

ಸೂಟು ಮನೆಗೆ ಬಂದದ್ದು ಫಾಲ್ಗುಣದಲ್ಲಿ. ಕಂದು ಕೋಟು ವಾಪಸು ಹೋಗಿತ್ತು, ಅದೇ ಮೊಳೆಯಲ್ಲಿ ಬೂದು ಸೂಟು ನಿಂತಿತು. ಮೊದಲ ಹೂಮಳೆ ಬಿದ್ದು ಕಾಫಿ ಹೂವಿನ ವಾಸನೆ ಮನೆಯೊಳಗೆಲ್ಲ ತೇಲುತ್ತಿದ್ದ ದಿನಗಳು. ಯಾರೂ ಇಲ್ಲದಾಗ ನಾನು ಅದರ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದೆ. ಒಳಗೆ ಕೈ ಇಲ್ಲ, ಆದರೂ ಇದೆ ಅನ್ನಿಸುತ್ತಿತ್ತು. ಮರುಗಳಿಗೆಯೇ ತೋಳು ಬಿಟ್ಟುಬಿಡುತ್ತಿದ್ದೆ. ಒಂದೇ ಒಂದು ಸಲ ಕಂಡ ಬೆನ್ನು. ನಾನು ಕಂಡದ್ದು ನಿಜವಾದ ಭುಜವೋ, ನನ್ನ ಆಸೆಯ ಭುಜವೋ?

ವರಪೂಜೆಯ ಸಂಜೆ ಅವರನ್ನು ಒಳಕೋಣೆಗೆ ಕರೆದು ಸೂಟು ಕೊಟ್ಟರು. ತಪ್ಪು ಕೋಟು ಅಳತೆಗೆ ಹೋದ ಸುದ್ದಿ ಅವರಿಗೆ ತಾಯಿಯಿಂದ ಬಹಳ ತಡವಾಗಿ ತಿಳಿದಿತ್ತಂತೆ. ತೋಳು ಒಳಗಿಂದ ಮಡಿಸಿಕೊಳ್ಳಲು ಜೇಬು ತುಂಬ ಪಿನ್ನು ತಂದಿದ್ದೆ ಎಂದು ಆಮೇಲೆ ಹೇಳುತ್ತಿದ್ದರು. ಅವರು ಹೊರಗೆ ಬರುವಾಗ ನಾನು ಬಾಗಿಲ ಸಂದಿಯಲ್ಲಿದ್ದೆ, ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದಳು. ಕೋಟು ಅವರ ಮೈಮೇಲೆ ಮಂಜು ಗುಡ್ಡದ ಮೇಲೆ ಕೂತ ಹಾಗೆ ಕೂತಿತ್ತು. ಕೈಗಳು ಪೂರ್ತಿ ಹೊರಗಿದ್ದವು. ಅವರು ಆ ಕೈಗಳನ್ನೇ ನೋಡಿಕೊಳ್ಳುತ್ತ, ಯಾರದೋ ಮನೆಗೆ ಬಂದವರ ಹಾಗೆ ಮೆಲ್ಲಗೆ ನಡೆದು ಬಂದರು. ಕೊಡ್ಲಿಪೇಟೆಯವರು ಮೂಗಿನ ಮೇಲೆ ಬೆರಳಿಟ್ಟರೋ ಇಲ್ಲವೋ, ನನ್ನ ಅಪ್ಪನಂತೂ ಮೀಸೆ ತೀಡಿಕೊಂಡರು.

ಆಗ ಪೂವಯ್ಯನವರು ಚಪ್ಪರದೊಳಗೆ ಬಂದರು. ಆರಡಿ ಎತ್ತರದ ಮನುಷ್ಯರು, ಗಟ್ಟಿ ನಗು, ಮೈಮೇಲೆ ಅದೇ ಕಂದು ಕೋಟು. ಅವರಿಗಿದ್ದ ಒಳ್ಳೆಯ ಕೋಟು ಅದೊಂದೇ.

ಅಪ್ಪ ಕೈ ಮುಗಿಯಲು ಹೋದವರು ಅರ್ಧಕ್ಕೆ ನಿಂತರು. ಕಣ್ಣು ಪೂವಯ್ಯನವರ ಬಲ ಮೊಣಕೈಯ ರಫಿನ ಮೇಲೆ ಇತ್ತು. ಹತ್ತು ದಿನ ನಮ್ಮ ಗೋಡೆಯಲ್ಲಿದ್ದ ಕೋಟು, ಮರೆಯುವುದುಂಟೇ? ಅಲ್ಲಿಂದ ಕಣ್ಣು ಅಳಿಯನ ಬೂದು ಕೋಟಿನ ಭುಜಕ್ಕೆ ಬಂತು. ಧಾರೆ ಮರುದಿನ ಬೆಳಗ್ಗೆ. ಇನ್ನೂ ಏನೂ ಕಟ್ಟಿರಲಿಲ್ಲ, ಏನನ್ನೂ ಬಿಚ್ಚಬಹುದಿತ್ತು. ಅತ್ತೆಯ ಉಗುರು ನನ್ನ ಕೈಗೆ ಇಳಿಯಿತು.

ಅಪ್ಪ ನೇರವಾಗಿ ಗಂಡಿನ ಮುಂದೆ ಹೋಗಿ ನಿಂತರು.

“ಹೆಣ್ಣು ನೋಡಕ್ಕೆ ಬಂದಾಗ ಹಾಕಿದ್ದ ಕೋಟು ನಿಂದಲ್ವಾ?”

ಪೂವಯ್ಯನವರು ಏನೋ ಹೇಳಲು ಬಾಯಿ ತೆರೆದರು. ಯಜಮಾನರು ಅವರನ್ನು ಕೈಯೆತ್ತಿ ತಡೆದರು. ಯಾವತ್ತೂ ದನಿ ಎತ್ತದವರು ಅವತ್ತು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಹೇಳಿದರು.

“ಅಲ್ಲ ಮಾವ. ಪೂವಯ್ಯನವರದು. ನನ್ನ ಹತ್ರ ಕೋಟು ಇರಲಿಲ್ಲ. ಅವತ್ತೇ ಹೇಳಬೇಕಾಗಿತ್ತು, ನಾಚಿಕೆಯಾಯ್ತು.”

ಅಪ್ಪ ಅಳಿಯನ ಕೋಟಿನ ಮಡಿಕೆಯ ಮೇಲೆ ಇಲ್ಲದ ಧೂಳನ್ನು ಒರೆಸಿದರು.

“ಇದು ನಿಂದು. ಇನ್ನು ಯಾರ ಹತ್ರಾನೂ ಕೇಳಬ್ಯಾಡ.” ಪೂವಯ್ಯನವರ ಕಡೆ ತಿರುಗಿ, “ಬನ್ನಿ ಸ್ವಾಮಿ, ಊಟ ಮಾಡಿ,” ಎಂದರು.

ಯಜಮಾನರು ಆಮೇಲೆ ಯಾರ ಹತ್ತಿರವೂ ಕೇಳಲಿಲ್ಲ, ನಿಜ. ಕೇಳಿದವರಿಗೆ ಇಲ್ಲ ಎನ್ನಲೂ ಇಲ್ಲ. ಎಸ್ಟೇಟಿನಲ್ಲಿ ಯಾರಿಗೆ ಹೆಣ್ಣು ನೋಡುವುದಿದ್ದರೂ ನಮ್ಮ ಮನೆ ಬಾಗಿಲಿಗೆ ಬಂದು ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. ನಾನು ಗೊಣಗುತ್ತಿದ್ದೆ, ಅವರು ಬೂದು ಸೂಟಿನ ಪೆಟ್ಟಿಗೆ ತೆರೆಯುತ್ತಿದ್ದರು. ದಪ್ಪಗಿದ್ದವರಿಗೆ ಗುಂಡಿ ಹಾಕದೆ ಬಿಡಲು ಹೇಳುತ್ತಿದ್ದರು. ಕೊಡುವಾಗ ಅವರದು ಒಂದೇ ಮಾತು.

“ಹೋದ ಕೂಡ್ಲೇ ಹೇಳಿಬಿಡಿ, ಇದು ರೈಟರದು ಅಂತ.”

ಹಾಗೆ ಹೇಳಿದ್ದಕ್ಕೆ ಇಬ್ಬರಿಗೆ ಹೆಣ್ಣು ತಪ್ಪಿತು. ಅವರು ಸೂಟು ತಂದುಕೊಟ್ಟು, ನಾನು ಕೊಟ್ಟ ಕಾಫಿ ಕುಡಿದು, ಯಜಮಾನರನ್ನು ಬಯ್ಯದೆ ಹೋದರು. ಇವರು ಅದನ್ನು ಅಂಗಳದ ಬಿಸಿಲಿಗೆ ಹಾಕಿ, ಸಂಜೆ ಮಡಿಸಿ, ಮುಂದೆ ಬರುವವರಿಗೆಂದು ಪೆಟ್ಟಿಗೆಯಲ್ಲಿ ಮೇಲೆಯೇ ಇಟ್ಟರು.