ಸುಳ್ಳು ಗೆರೆಗೆ ಹೆದರಿದವರು

ಮನುಷ್ಯದೇಹದ ಪ್ರೋಟೀನುಗಳ ಜಾಡು ಹಿಡಿಯುವ ಸಂಶೋಧಕರ ಪಂಕ್ತಿಯಲ್ಲಿ, ಕಂಡದ್ದನ್ನು ಕಂಡೊಡನೆ ನಂಬದವರೆಂದೇ ಹೆಸರಾದ ನಮ್ಮ ಗುರುಗಳು ಈಗ ನಿವೃತ್ತರಾಗುತ್ತಿದ್ದಾರೆ. ಬೆನ್ನ ಹಿಂದೆ ನಾವು ಅವರನ್ನು 'ಮೊಲದಕ್ಕ' ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು, ಬೇಸರಿಸಲಿಲ್ಲ.

ಮೂತ್ರಪಿಂಡದ ಒಂದು ಪ್ರೋಟೀನಿನ ತುಣುಕನ್ನು ಮೊಲಕ್ಕೆ ಚುಚ್ಚಿ, ಅದರ ಮೈ ತಯಾರಿಸಿದ ಪ್ರತಿಕಾಯಗಳನ್ನು ರಕ್ತದ ತಿಳಿದ್ರವವಾದ ಸೀರಂನಿಂದ ಪಡೆಯುವ ಕೆಲಸವನ್ನು ಅವರು ತಗಡಿನ ಮಾಡಿನ ಕೋಣೆಯೊಂದರಲ್ಲಿ ಆರಂಭಿಸಿದರು. ಪ್ರೋಟೀನು ಇದ್ದಲ್ಲಿ ಆ ಪ್ರತಿಕಾಯಗಳು ಅಂಟಿ, ಪರೀಕ್ಷೆಯ ಕಾಗದದಂಥ ಪೊರೆಯ ಮೇಲೆ ಕಪ್ಪು ಗೆರೆ ಮೂಡಿಸುತ್ತಿದ್ದವು. ಎಷ್ಟೋ ಪ್ರಯೋಗಾಲಯಗಳು ಆ ಸೀರಂ ಅನ್ನು ಕೇಳಿ ಪಡೆದವು. ನಾನು ಬಸುರಿಯಾಗಿದ್ದಾಗ ನನ್ನನ್ನು ರಾಸಾಯನಿಕಗಳ ಹತ್ತಿರ ಸುಳಿಯಗೊಡದೆ, ನನ್ನ ಪ್ರಯೋಗಗಳನ್ನೆಲ್ಲ ತಾವೇ ಮಾಡಿಕೊಟ್ಟ ತಾಯಿಹೃದಯ ಅವರದು.

ಆ ಮೊಲ ಮುಪ್ಪಾಗಿ ಸತ್ತಿತು. ಹೊಸ ಮೊಲದ ಸೀರಂ ಬಂತು. ಮೊದಲ ಪರೀಕ್ಷೆಯಲ್ಲೇ ಅಚ್ಚುಕಟ್ಟಾದ ಗೆರೆ. ನಾವೆಲ್ಲ ಹಿಗ್ಗಿದೆವು, ಅವರೊಬ್ಬರ ಮುಖ ಮಾತ್ರ ಅರಳಲಿಲ್ಲ. ಅವರ ತಮ್ಮ ಶಸ್ತ್ರವೈದ್ಯರು; ಸ್ವಂತ ಸಂಶೋಧನೆಗೆ ಆ ಸೀರಂ ಅನ್ನೇ ಕಾಯುತ್ತಿದ್ದರು. ತೀರಿಕೊಂಡ ರೋಗಿಗಳ ಮೂತ್ರಪಿಂಡದ ಗಡ್ಡೆಯ ಚೂರುಗಳು ಅವರ ಬಳಿಯಿದ್ದವು; ಅವುಗಳಲ್ಲಿ ಆ ಪ್ರೋಟೀನನ್ನು ಹುಡುಕಬೇಕಿತ್ತು. ಒಮ್ಮೆ ಬಳಸಿದರೆ ಮತ್ತೆ ಸಿಗುವಂಥವಲ್ಲ.

"ಅಕ್ಕ, ಗೆರೆ ಕಣ್ಣಿಗೆ ರಾಚೋ ಹಾಗಿದೆ. ಕೊಟ್ಟುಬಿಡು."

"ಆ ಪ್ರೋಟೀನೇ ಇಲ್ಲದ ಜೀವಕೋಶದಲ್ಲೂ ನೋಡ್ಬೇಕು ಕಣೋ. ಅಲ್ಲಿ ಗೆರೆ ಬರಬಾರದು."

"ನೀನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು!"

"ಎಣಿಸಿ ಹೇಳ್ತೀನಿ, ತಾಳು."

ತಮ್ಮ ನಗಲಿಲ್ಲ.

ಆ ಪರೀಕ್ಷೆಯೂ ಮುಗಿದಾಗ ಪೊರೆಯನ್ನು ದೀಪಕ್ಕೆ ಹಿಡಿದವಳು ನಾನು. ಬರಬಾರದ ಕಡೆ ಗೆರೆ ಬಂದಿತ್ತು. ಹೊಸ ಸೀರಂ ಬೇರಾವುದನ್ನೋ ಹಿಡಿಯುತ್ತಿತ್ತು. ಗುರುಗಳು ಸ್ಟೂಲು ಎಳೆದುಕೊಂಡು ಕುಳಿತರು.

"ಹಳೇದೂ ಹೀಗೇ ಇದ್ದಿದ್ರೆ?"

ಜೀವಮಾನದ ಲೇಖನಗಳೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿದ್ದವು. ಹಳೆಯ ಸೀರಂ ಉಳಿದದ್ದು ಕೊನೆಯ ಒಂದು ನಳಿಕೆಯಷ್ಟು. ಮುಚ್ಚಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದನ್ನೂ ಪರೀಕ್ಷೆಗೆ ಸುರಿದರು. ಪೊರೆ ತೊಳೆದು ತಾವೇ ದೀಪಕ್ಕೆ ಹಿಡಿದರು. ಇರಬೇಕಾದಲ್ಲಿ ಗೆರೆ ಬಂತು, ಇರಬಾರದ ಕಡೆ ಏನೂ ಇರಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಅಷ್ಟೇ.

"ಇದ್ದ ಒಳ್ಳೇದನ್ನೂ ಖಾಲಿ ಮಾಡಿದ್ಯಲ್ಲ!" ಎಂದು ತಮ್ಮ ಸಿಡಿದು ಹೊರಟವರು, ತಿಂಗಳುಗಟ್ಟಲೆ ಫೋನೆತ್ತಲಿಲ್ಲ. ಆ ಅವಧಿಯಲ್ಲಿ ಅಕ್ಕ ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚುತ್ತಿದ್ದುದನ್ನು ಕಂಡಿದ್ದೇನೆ. ಪ್ರೋಟೀನಿಲ್ಲದ ಕೋಶಗಳ ಸಾರದೊಂದಿಗೆ ಹೊಸ ಸೀರಂ ಬೆರೆಸಿ, ದಾರಿತಪ್ಪಿ ಅಂಟುವ ಪ್ರತಿಕಾಯಗಳನ್ನು ಮತ್ತೆ ಮತ್ತೆ ಬೇರ್ಪಡಿಸಿದರು. ಕೊನೆಗೊಂದು ದಿನ ಸುಳ್ಳು ಗೆರೆ ಅಳಿಯಿತು. ತಮ್ಮನಿಗೆ ಸುದ್ದಿ ಮುಟ್ಟಿಸಿದವಳು ನಾನು. ಅವರು ತಾವೇ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಬಂದು, ಅಕ್ಕನ ಮೇಜಿನ ಮೇಲಿಟ್ಟು, "ಚೂರೆಲ್ಲ ಹಾಗೇ ಇವೆ. ನೀನೇ ಮಾಡು," ಎಂದರು.

ನಿವೃತ್ತಿಯ ಬಳಿಕವೂ ಹೊಸ ಸೀರಂಗಳನ್ನು ನೋಡಲು ಬರುವೆನೆಂದು ಗುರುಗಳು ಮಾತುಕೊಟ್ಟಿದ್ದಾರೆ. ಅವರ ಆಯುಸ್ಸು ಬೆಳೆಯಲಿ, ಕಣ್ಣು ಚುರುಕಾಗಿರಲಿ. ಅವರು ಜೊತೆಗಿಲ್ಲದ ದಿನ ಉತ್ತರ ತೀರಾ ಸಲೀಸಾಗಿ ಸಿಕ್ಕರೆ, ಅವರಂತೆ ನಮ್ಮ ಎದೆಯೂ ಅನುಮಾನದಿಂದ ಜೋರಾಗಿ ಹೊಡೆದುಕೊಳ್ಳಲಿ.